ಮಗು ದಪ್ಪ ಇದೆ ಅಂದಮೇಲೆ

ಎರಡನೇ ಬಸಿರಿನ ಕೊನೆಯ ತಿಂಗಳುಗಳಲ್ಲಿ ಎಲ್ಲರೂ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು. ತೂಕ ಎಷ್ಟಂತೆ? ನರ್ಸ್ ಕೇಳಿದರು, ಅತ್ತೆ ಕೇಳಿದರು, ಫೋನಿನಲ್ಲಿ ಮಾತಾಡಲು ಬೇರೆ ವಿಷಯ ಸಿಗದ ನೆಂಟರೂ ಕೇಳಿದರು. ನನ್ನ ತೂಕ ಅಲ್ಲ, ಮಗುವಿನದು. ಸ್ಕ್ಯಾನ್ ರಿಪೋರ್ಟಿನ ಕೆಳಗಡೆ ಸಣ್ಣಕ್ಷರದಲ್ಲಿ ಅಚ್ಚಾದ ಒಂದು ಅಂಕಿ ಇತ್ತು, ಅದರ ಪಕ್ಕದಲ್ಲೇ ಒಂದು ಪ್ಲಸ್-ಮೈನಸ್ ಗುರುತು. ಅಂಕಿಯನ್ನು ಎಲ್ಲರೂ ಓದಿದರು. ಪ್ಲಸ್-ಮೈನಸ್ ಯಾರ ಕಣ್ಣಿಗೂ ಬೀಳಲಿಲ್ಲ.

ಮೊದಲ ಹೆರಿಗೆ ನನಗೆ ತುಂಬಾ ಕಷ್ಟವಾಗಿತ್ತು. ಇಬ್ಬರು ಮಕ್ಕಳೂ ಈಗ ಚೆನ್ನಾಗಿದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಬಸುರಿಯರು ಯಾರಾದರೂ ಓದುತ್ತಿದ್ದರೆ ಕೊನೆಯವರೆಗೂ ಉಸಿರು ಬಿಗಿಹಿಡಿದು ಕೂರುವುದು ಬೇಡ. ನನ್ನನ್ನು ಇವತ್ತಿಗೂ ಕೊರೆಯುವುದು ಬೇರೆಯದೇ ಸಂಗತಿ. ಹಿಂದಿನ ಸಲ ನಿಜಕ್ಕೂ ಏನಾಗಿತ್ತು ಅಂತ ಯಾರೂ ವಿಚಾರಿಸಲಿಲ್ಲ. ಆದರೆ ಮುಂದಿನ ಸಲ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಒಬ್ಬರು "ಸುಮ್ನೆ ಆಪರೇಷನ್ ಮಾಡಿಸ್ಕೊ" ಅಂದರೆ, ಇನ್ನೊಬ್ಬರು "ಎರಡನೇದು ಸಲೀಸಾಗಿ ಆಗತ್ತೆ, ಹೆದರ್ಬೇಡ" ಅನ್ನುತ್ತಿದ್ದರು. ಇಬ್ಬರೂ ಅಷ್ಟೇ ಧೈರ್ಯವಾಗಿ ಹೇಳುತ್ತಿದ್ದರು.

ಆ ಅಂಕಿ ಎಲ್ಲಿಂದ ಬರುತ್ತದೆ

ಹೊಟ್ಟೆಯೊಳಗಿನ ಮಗುವನ್ನು ತಕ್ಕಡಿಯಲ್ಲಿ ಇಡಲು ಆಗುವುದಿಲ್ಲ. ಸ್ಕ್ಯಾನ್ ಮಾಡುವವರು ತಲೆಯ ಅಗಲ, ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ ಇಷ್ಟನ್ನು ಅಳೆಯುತ್ತಾರೆ. ಅವನ್ನು ಒಂದು ಸೂತ್ರಕ್ಕೆ ಹಾಕಿದರೆ ತೂಕ ಹೊರಬೀಳುತ್ತದೆ. ತುಂಬಾ ಕಡೆ ಇವತ್ತಿಗೂ ಬಳಕೆಯಲ್ಲಿರುವುದು ಹ್ಯಾಡ್ಲಾಕ್ ಮತ್ತು ಜೊತೆಯವರು 1985ರಲ್ಲಿ ಪ್ರಕಟಿಸಿದ ಸೂತ್ರಗಳು. ಲೆಕ್ಕ ಒಳ್ಳೆಯದೇ, ಆದರೆ ಅದು ಅಂದಾಜು. ನಿಜವಾದ ತೂಕ ಶೇಕಡಾ 10ರಿಂದ 15ರಷ್ಟು ಆಚೀಚೆ ಇರುವುದು ಮಾಮೂಲಿ, ಮಗು ದೊಡ್ಡದಾದಷ್ಟೂ ಅಂದಾಜು ಇನ್ನೂ ಅಲುಗಾಡುತ್ತದೆ. ನನ್ನ ರಿಪೋರ್ಟಿನಲ್ಲಿ 4.3 ಕೆಜಿ ಅಂತ ಇತ್ತು. ಶೇಕಡಾ 10 ಅಂತ ಹಿಡಿದರೂ ಮಗು 3.9 ಇರಬಹುದು, 4.7 ಇರಬಹುದು. ಈ ಎರಡು ತೂಕಗಳಿಗೆ ಡಾಕ್ಟರ್ ಕೊಡುವ ಸಲಹೆ ಒಂದೇ ಅಲ್ಲ.

ಇನ್ನೊಂದು ವಿಷಯ ಗೊತ್ತಾದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಹಿಂದಿನ ಸಲ ನನಗೆ ತೊಂದರೆ ಕೊಟ್ಟದ್ದು ಮಗುವಿನ ಭುಜ, ತಲೆ ಹೊರಗೆ ಬಂದ ಮೇಲೆ ಅದು ಒಳಗೆ ಸಿಕ್ಕಿಕೊಂಡಿತ್ತು. ಈ ನಾಲ್ಕು ಅಳತೆಗಳಲ್ಲಿ ಭುಜವೇ ಇಲ್ಲ!

ದಪ್ಪ ಮಗು ಅಂದರೆ ಎಷ್ಟು ಅನ್ನುವುದಕ್ಕೂ ಒಂದೇ ಗೆರೆ ಇಲ್ಲ. ಕೆಲವರು 4 ಕೆಜಿ ಅನ್ನುತ್ತಾರೆ, ಕೆಲವರು 4.5. ತುಂಬಿದ ವಾರಗಳಿಗೆ ತಕ್ಕಂತೆ ನೋಡಿ, ನೂರು ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಕೊನೆಯ ಹತ್ತರಲ್ಲಿ ಬರುವ ಮಗು ದೊಡ್ಡದು ಅನ್ನುವವರೂ ಇದ್ದಾರೆ. ಎರಡನೇ ಮಗು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಸ್ವಲ್ಪ ಜಾಸ್ತಿಯೇ ತೂಗುತ್ತದೆ. ಹಿಂದೆ ದೊಡ್ಡ ಮಗು ಹುಟ್ಟಿದ್ದರೆ ಈ ಸಲವೂ ಹಾಗೇ ಆಗುವ ಸಾಧ್ಯತೆ ಹೆಚ್ಚು.

ಈ ಪಾಯಿಂಟು-ಗೀಯಿಂಟುಗಳಿಗಿಂತ ನಮ್ಮ ಕೈಯಲ್ಲಿರುವುದು ಶುಗರ್ ಟೆಸ್ಟ್. ಬಸಿರಿನಲ್ಲಿ ಸಕ್ಕರೆ ಏರಿದರೆ ಮಗು ಬರೀ ದೊಡ್ಡದಾಗುವುದಿಲ್ಲ, ಅದರ ಭುಜ ಮತ್ತು ಮೈಯಲ್ಲಿ ಕೊಬ್ಬು ಜಾಸ್ತಿ ಸೇರುತ್ತದೆ. ಅಂದರೆ ಒಂದೇ ತೂಕದ ಎರಡು ಮಕ್ಕಳಲ್ಲಿ, ಅಮ್ಮನಿಗೆ ಶುಗರ್ ಇದ್ದ ಮಗುವಿನ ಭುಜ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು. 24ರಿಂದ 28 ವಾರಗಳ ಒಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡುತ್ತಾರಲ್ಲ, ಅದರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹಾಕಿದ ಗೆರೆ ಹೀಗಿದೆ: ಖಾಲಿ ಹೊಟ್ಟೆಯಲ್ಲಿ 92, ಒಂದು ಗಂಟೆಗೆ 180, ಎರಡು ಗಂಟೆಗೆ 153. ಯಾವುದಾದರೂ ಒಂದು ಅಷ್ಟು ಮುಟ್ಟಿದರೂ ಸಾಕು, ಶುಗರ್ ಇದೆ ಅಂತ ಲೆಕ್ಕ. ಗೊತ್ತಾದರೆ ಮಾಡುವುದಕ್ಕೆ ಕೆಲಸವೂ ಇದೆ. 2005ರಲ್ಲಿ ಬಂದ ಆಸ್ಟ್ರೇಲಿಯಾದ ಒಂದು ದೊಡ್ಡ ಅಧ್ಯಯನದಲ್ಲಿ, ಚಿಕಿತ್ಸೆ ಸಿಗದ ಗುಂಪಿನಲ್ಲಿ ನೂರಕ್ಕೆ 21 ಮಕ್ಕಳು 4 ಕೆಜಿ ಮುಟ್ಟಿದ್ದರೆ, ಚಿಕಿತ್ಸೆ ಸಿಕ್ಕ ಗುಂಪಿನಲ್ಲಿ ಅಷ್ಟು ತೂಗಿದವು 10 ಮಾತ್ರ. ನನ್ನ ಟೆಸ್ಟ್ ಎರಡು ಸಲವೂ ಸರಿಯಾಗಿತ್ತು. ಆದರೆ ಫೋನಿನಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. ತೂಕವೇ ಬೇಕಾಗಿತ್ತು.

"ದಪ್ಪ ಇದೆ" ಅನ್ನುವ ಮಾತೇ ಒಂದು ಕೆಲಸ ಮಾಡಿಬಿಡುತ್ತದೆ. ಹುಟ್ಟಿದ ಮೇಲೆ ಒಂದೇ ತೂಕ ಇದ್ದ ಮಕ್ಕಳನ್ನೇ ಹೋಲಿಸಿ ನೋಡಿದ ಅಧ್ಯಯನಗಳಿವೆ. ಹೆರಿಗೆಗೆ ಮುಂಚೆ ದಪ್ಪ ಅಂತ ಅನುಮಾನ ಬಂದವರಲ್ಲಿ, ಅನುಮಾನವೇ ಬರದವರಿಗಿಂತ ಸಿಸೇರಿಯನ್ ಜಾಸ್ತಿ ಆಗಿದೆ. ತೂಕ ಒಂದೇ, ಹೆದರಿಕೆ ಮಾತ್ರ ಬೇರೆ. ಡಾಕ್ಟರೂ ಮನುಷ್ಯರೇ ಅಲ್ವಾ, ನೋವು ಸ್ವಲ್ಪ ನಿಧಾನವಾದ ಕೂಡಲೇ ಆ ಅಂಕಿ ಅವರ ತಲೆಗೂ ಬರುತ್ತದೆ.

ಹಿಂದಿನ ಸಲ

"ತಲೆ ಬಂತು, ತಲೆ ಬಂತು" ಅಂದರು. ಕೋಣೆಯಲ್ಲಿ ಎಲ್ಲರ ದನಿಯೂ ಸಡಿಲವಾಯಿತು, ಯಾರೋ ನಕ್ಕರು ಕೂಡ. ಮುಂದಿನ ನೋವು ಬಂತು, ಮುಕ್ಕಿದೆ, ಏನೂ ಆಗಲಿಲ್ಲ. ಹೊರಗೆ ಬಂದ ತಲೆ ಮತ್ತೆ ಒಳಕ್ಕೆ ಎಳೆದುಕೊಂಡು, ಕೆನ್ನೆ ಒತ್ತಿಕೊಂಡು ನಿಂತಿತ್ತು ಅಂತ ಆಮೇಲೆ ನನ್ನ ಗಂಡ ಹೇಳಿದ. ಒಬ್ಬ ನರ್ಸ್ ಗೋಡೆಯ ಗಡಿಯಾರ ನೋಡಿ ಸಮಯವನ್ನು ಜೋರಾಗಿ ಹೇಳಿದರು. ಅದು ಯಾಕೆ ಅಂತ ನನಗೆ ಗೊತ್ತಾಗಲಿಲ್ಲ. ಬಾಗಿಲು ತೆಗೆದು ಇನ್ನೂ ನಾಲ್ಕೈದು ಜನ ಒಳಗೆ ಬಂದರು. ಇಬ್ಬರು ನನ್ನ ಕಾಲುಗಳನ್ನು ಹಿಡಿದು ಮಂಡಿ ಎದೆಗೆ ತಾಗುವಷ್ಟು ಮೇಲಕ್ಕೆ ಮಡಿಸಿದರು. ಇನ್ನೊಬ್ಬರು ಸ್ಟೂಲ್ ಎಳೆದುಕೊಂಡು ಹತ್ತಿ ಹೊಟ್ಟೆ ಒತ್ತಿದರು. "ಮುಕ್ಕಬೇಡಿ, ಮುಕ್ಕಬೇಡಿ" ಅಂದರು. ಅಷ್ಟು ಹೊತ್ತು ಮುಕ್ಕಿ ಮುಕ್ಕಿ ಅಂದವರೇ ಈಗ ಬೇಡ ಅನ್ನುತ್ತಿದ್ದರು. ಯಾರ ಮುಖದಲ್ಲೂ ನಗು ಇರಲಿಲ್ಲ, ಯಾರೂ ನನ್ನ ಮುಖ ನೋಡಲೂ ಇಲ್ಲ.

ಮಗ ಹುಟ್ಟಿದ. ತಕ್ಷಣ ಅಳಲಿಲ್ಲ, ಆಮೇಲೆ ಅತ್ತ. ಅವನ ಬಲಗೈ ಮೈ ಪಕ್ಕದಲ್ಲಿ ಸೋತು ಬಿದ್ದಿತ್ತು, ಎಡಗೈ ಆಡಿಸಿದ ಹಾಗೆ ಅದನ್ನು ಆಡಿಸುತ್ತಿರಲಿಲ್ಲ. ಕುತ್ತಿಗೆಯಿಂದ ಕೈಗೆ ಹೋಗುವ ನರಗಳ ಗೊಂಚಲು ಎಳೆತಕ್ಕೆ ಸಿಕ್ಕಾಗ ಹೀಗಾಗುತ್ತದೆ, ಎರ್ಬ್ಸ್ ಪಾಲ್ಸಿ ಅನ್ನುತ್ತಾರೆ. ಇಂಥ ಹೆಚ್ಚಿನ ಮಕ್ಕಳಲ್ಲಿ ಅದು ತಾನಾಗೇ ವಾಸಿಯಾಗುತ್ತದೆ, ಹತ್ತರಲ್ಲಿ ಒಂದಕ್ಕಿಂತ ಕಡಿಮೆ ಮಕ್ಕಳಿಗೆ ಮಾತ್ರ ಶಾಶ್ವತವಾಗಿ ಉಳಿಯುತ್ತದೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ಸಮಯದ ಮೇಲೆ. ಮಗನಿಗೂ ಕೆಲವು ತಿಂಗಳಲ್ಲಿ ಕೈ ಪೂರ್ತಿ ಸರಿಹೋಯಿತು. ಡಿಸ್ಚಾರ್ಜ್ ಕಾಗದದಲ್ಲಿ ಇದ್ದದ್ದು ಒಂದೇ ಸಾಲು: ಹೆರಿಗೆ ಕಷ್ಟವಾಯಿತು, ತಾಯಿ-ಮಗು ಆರಾಮ. ನಾವು ಆ ಒಂದು ಸಾಲನ್ನೇ ಹಿಡಿದುಕೊಂಡು ಮನೆಗೆ ಬಂದೆವು.

ಅವನ ತೂಕ 3.76 ಕೆಜಿ. ನಾಲ್ಕು ಮುಟ್ಟಿರಲಿಲ್ಲ.

ಇದನ್ನು ಬೇರೆ ಸಾಲಾಗಿ ಬರೆಯಲು ಕಾರಣ ಇದೆ. ಭುಜ ಸಿಕ್ಕಿಕೊಳ್ಳುವ ಹೆರಿಗೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು 4 ಕೆಜಿಗಿಂತ ಕಡಿಮೆ ತೂಕದ ಮಕ್ಕಳಲ್ಲೇ ಆಗುತ್ತವೆ. 4 ಕೆಜಿ ದಾಟಿದ ಬಹುಪಾಲು ಮಕ್ಕಳು ಯಾವ ಸಿಕ್ಕೂ ಇಲ್ಲದೆ ಹುಟ್ಟುತ್ತವೆ. ತೂಕ ಏರಿದಂತೆ ಅಪಾಯ ಏರುವುದು ನಿಜ. ಆದರೆ ಯಾವ ಮಗು ಸಿಕ್ಕಿಕೊಳ್ಳುತ್ತದೆ ಅಂತ ತೂಕ ನೋಡಿ ಬೊಟ್ಟು ಮಾಡಲು ಆಗುವುದಿಲ್ಲ.

ಕೇಸ್ ಶೀಟ್

ಈ ಸಲ ಬೇರೊಬ್ಬ ಡಾಕ್ಟರ್ ಹತ್ತಿರ ಹೋಗಿದ್ದೆವು. ವಯಸ್ಸಾದವರು, ಮಾತು ಕಡಿಮೆ. ನಾನು ಕೂತ ಕೂಡಲೇ ಸ್ಕ್ಯಾನ್ ರಿಪೋರ್ಟ್ ಮುಂದೆ ಇಟ್ಟೆ. ಅವರು ಅದನ್ನು ಪಕ್ಕಕ್ಕೆ ಸರಿಸಿ, "ಇದು ಆಮೇಲೆ. ಹಿಂದಿನ ಹೆರಿಗೆದು ಪೂರ್ತಿ ರೆಕಾರ್ಡ್ ಇದೆಯಾ?" ಅಂದರು. ಡಿಸ್ಚಾರ್ಜ್ ಕಾಗದ ಕೊಟ್ಟೆ. "ಇದಲ್ಲಮ್ಮ. ಲೇಬರ್ ರೂಮಿನಲ್ಲಿ ಬರೆದಿರ್ತಾರಲ್ಲ, ಅದು ಬೇಕು." ಹಳೆಯ ಆಸ್ಪತ್ರೆಗೆ ಅರ್ಜಿ ಕೊಟ್ಟು, ಓಡಾಡಿ, ಕೊನೆಗೂ ಒಂದು ದಪ್ಪ ಕಟ್ಟಿನ ಜೆರಾಕ್ಸ್ ಸಿಕ್ಕಿತು. ಮುಂದಿನ ಭೇಟಿಯಲ್ಲಿ ಅವರು ಅದನ್ನು ನಿಧಾನವಾಗಿ, ಒಂದೊಂದೇ ಹಾಳೆ ತಿರುವಿ ಓದಿದರು. ಓದುತ್ತಾ ನಮಗೆ ವಿವರಿಸಿದರು.

"ಇದನ್ನ ಯಾರಾದ್ರೂ ನಿಮಗೆ ಓದಿ ಹೇಳಿದ್ದಾರಾ?"

"ಇಲ್ಲ ಡಾಕ್ಟ್ರೇ."

ಅದರಲ್ಲಿ ಇದ್ದದ್ದು ಇಷ್ಟು. ನೋವು ಗೊತ್ತಾಗದಂತೆ ಬೆನ್ನಿಗೆ ಕೊಡುವ ಮದ್ದು, ಎಪಿಡ್ಯೂರಲ್, ಕೊಟ್ಟಿದ್ದರು. ಗರ್ಭದ ಬಾಯಿ ಪೂರ್ತಿ ತೆರೆದ ಮೇಲೂ ಮಗು ಕೆಳಗೆ ಇಳಿಯಲು ತುಂಬಾ ಹೊತ್ತು ಹಿಡಿದಿತ್ತು. ಮಗುವಿನ ಮುಖ ನನ್ನ ಬೆನ್ನಿನ ಕಡೆ ಇರುವ ಬದಲು ಮುಂದಕ್ಕೆ ತಿರುಗಿತ್ತು. ಕೊನೆಗೆ ವ್ಯಾಕ್ಯೂಮ್, ಅಂದರೆ ಮಗುವಿನ ತಲೆಗೆ ಅಂಟಿಕೊಳ್ಳುವ ಒಂದು ಕಪ್, ಹಾಕಿ ತಲೆ ಎಳೆದಿದ್ದರು. ಆಮೇಲೆ ಮಗುವಿನ ಮುಂದಿನ ಭುಜ ನನ್ನ ಸೊಂಟದ ಮುಂಭಾಗದ ಮೂಳೆಯ ಹಿಂದೆ ಸಿಕ್ಕಿಕೊಂಡಿತ್ತು. ಶೋಲ್ಡರ್ ಡಿಸ್ಟೋಶಿಯಾ ಅಂತ ಸ್ಪಷ್ಟವಾಗಿ ಬರೆದಿತ್ತು. ಕಾಲು ಮೇಲಕ್ಕೆ ಮಡಿಸಿದ್ದು, ಮೂಳೆಯ ಮೇಲ್ಗಡೆ ಒತ್ತಿದ್ದು, ಕೊನೆಗೆ ಒಳಗೆ ಕೈ ಹಾಕಿ ಹಿಂದಿನ ತೋಳನ್ನು ಮೊದಲು ಹೊರತೆಗೆದದ್ದು ಎಲ್ಲ ಸಮಯದ ಸಮೇತ ಇತ್ತು. ತಲೆ ಬಂದದ್ದಕ್ಕೂ ಮೈ ಬಂದದ್ದಕ್ಕೂ ನಡುವೆ ಎರಡು ನಿಮಿಷವೂ ಆಗಿರಲಿಲ್ಲ. ನನ್ನ ನೆನಪಿನಲ್ಲಿ ಅದು ಅರ್ಧ ಗಂಟೆ.

ಕಾಲು ಮಡಿಸುವುದಕ್ಕೆ ಮೆಕ್‌ರಾಬರ್ಟ್ಸ್ ವಿಧಾನ ಅಂತ ಹೆಸರು. ಹಾಗೆ ಮಡಿಸಿದಾಗ ಸೊಂಟದ ಮೂಳೆ ಸ್ವಲ್ಪ ಓರೆಯಾಗಿ ಜಾಗ ಬಿಡುತ್ತದೆ, ಎಷ್ಟೋ ಸಲ ಅಷ್ಟರಲ್ಲೇ ಭುಜ ಬಿಡಿಸಿಕೊಳ್ಳುತ್ತದೆ. ಆಗದಿದ್ದರೆ ಒಳಗಿನಿಂದ ಭುಜ ತಿರುಗಿಸುತ್ತಾರೆ, ಅಲಮಾರನ್ನು ಬಾಗಿಲಲ್ಲಿ ಓರೆ ಮಾಡಿ ಹೊರಗೆ ತೆಗೆಯುವ ಹಾಗೆ. ಅಥವಾ ಹಿಂದಿನ ತೋಳು ತೆಗೆಯುತ್ತಾರೆ. ಮಂಡಿ-ಕೈ ಊರಿ ನಿಲ್ಲಿಸುವ ವಿಧಾನವೂ ಇದೆ, ಅಮೆರಿಕದ ಸೂಲಗಿತ್ತಿ ಇನಾ ಮೇ ಗ್ಯಾಸ್ಕಿನ್ ಹೆಸರಿನಲ್ಲಿ ಅದು ಪುಸ್ತಕಗಳಿಗೆ ಸೇರಿತು. ಯೋನಿಯ ಬಳಿ ಕತ್ತರಿ ಹಾಕಿದ ಮಾತ್ರಕ್ಕೆ ಭುಜ ಬಿಡಿಸಿಕೊಳ್ಳುವುದಿಲ್ಲ, ಯಾಕೆಂದರೆ ಅಡ್ಡ ಇರುವುದು ಮೂಳೆ, ಚರ್ಮ ಅಲ್ಲ. ಕೈ ಒಳಗೆ ಹೋಗಲು ಜಾಗ ಬೇಕಾದಾಗ ಮಾತ್ರ ಅದು ಉಪಯೋಗ.

ಗಂಡನಿಗೆ ಒಂದು ಅನುಮಾನ ಅಷ್ಟು ವರ್ಷ ಉಳಿದುಬಿಟ್ಟಿತ್ತು. ಸ್ಟೂಲ್ ಹತ್ತಿ ಒತ್ತಿದರಲ್ಲ, ಅದರಿಂದಲೇ ಮಗುವಿನ ಕೈ ಹಾಗಾಯಿತಾ ಅಂತ. ಅವತ್ತು ಮೊದಲ ಬಾರಿ ಕೇಳಿದ. ಡಾಕ್ಟರ್ ಹಾಳೆ ತೋರಿಸಿ, ಒತ್ತಿದ್ದು ಹೊಟ್ಟೆಯ ಮೇಲ್ತುದಿಯಲ್ಲಿ ಅಲ್ಲ, ಕೆಳಗೆ, ಮೂಳೆಗೆ ಸ್ವಲ್ಪ ಮೇಲೆ ಅಂದರು. ಹೊಟ್ಟೆಯ ಮೇಲ್ತುದಿಯಿಂದ ಒತ್ತಿದರೆ ಭುಜ ಇನ್ನಷ್ಟು ಬಿಗಿಯಾಗಿ ಕೂರುತ್ತದೆ, ಗರ್ಭಕೋಶಕ್ಕೂ ಅಪಾಯ, ಅದು ಮಾಡಲೇಬಾರದು. ಮೂಳೆಯ ಮೇಲೆ ಪಕ್ಕದಿಂದ ಒತ್ತಿದರೆ ಭುಜ ಜಾರುತ್ತದೆ. ಎರಡಕ್ಕೂ ಒಂದು ಗೇಣು ಅಂತರ. ಇಷ್ಟನ್ನು ಹೆರಿಗೆಯಾದ ಮಾರನೇ ದಿನ ಯಾರಾದರೂ ಹೇಳಿದ್ದರೆ ಅವನು ಅಷ್ಟು ವರ್ಷ ಅದನ್ನು ಒಳಗೇ ಇಟ್ಟುಕೊಂಡು ಓಡಾಡಬೇಕಿರಲಿಲ್ಲ.

ಆಮೇಲೆ ಡಾಕ್ಟರ್ ಹೇಳಿದ ಮಾತು ಇಡೀ ಲೆಕ್ಕವನ್ನೇ ಬದಲಿಸಿತು. "ನಿಮ್ಮ ಮಗು ದೊಡ್ಡದಿತ್ತು ಅಂತ ಇದಾಗಿಲ್ಲ. ಎರಡನೇ ಹಂತ, ಅಂದ್ರೆ ಗರ್ಭದ ಬಾಯಿ ಪೂರ್ತಿ ತೆರೆದಮೇಲೆ ಮಗು ಹುಟ್ಟೋವರೆಗಿನ ಹೊತ್ತು, ಉದ್ದ ಆಯ್ತು, ಮಗು ತಿರುಗಿತ್ತು, ವ್ಯಾಕ್ಯೂಮ್ ಹಾಕಿದ್ರು. ಇದೆಲ್ಲ ಸೇರಿದಾಗ ಭುಜ ಸಿಕ್ಕಿಕೊಳ್ಳೋ ಸಾಧ್ಯತೆ ಜಾಸ್ತಿ. ಈ ಸಲ ನಾವು ಕಾಯಬೇಕಾದ್ದು ಆ ಜಾಗದಲ್ಲಿ." ಅಷ್ಟಾದ ಮೇಲೇ ಅವರು ಸ್ಕ್ಯಾನ್ ರಿಪೋರ್ಟ್ ಎತ್ತಿಕೊಂಡಿದ್ದು.

ಕಷ್ಟ ಅಂದರೆ ಯಾವ ಕಷ್ಟ

"ಹಿಂದಿನ ಹೆರಿಗೆ ಕಷ್ಟ ಆಗಿತ್ತು" ಅಂತ ನಾವೆಲ್ಲ ಹೇಳುತ್ತೇವೆ, ಆದರೆ ಒಬ್ಬೊಬ್ಬರದು ಒಂದೊಂದು. ನನ್ನ ಗೆಳತಿಯೊಬ್ಬಳಿಗೆ ಹೆರಿಗೆಯಲ್ಲಿ ಆದ ಸೀಳು ಮಲದ್ವಾರದ ಸ್ನಾಯುವಿನವರೆಗೂ ಹೋಗಿತ್ತು, ಮೂರನೇ ದರ್ಜೆ ಅನ್ನುತ್ತಾರೆ. ಮಗುವಿಗೆ ಏನೂ ಆಗಿರಲಿಲ್ಲ. ಎಲ್ಲರೂ ಅವಳಿಗೆ "ನಿಂದು ಸಲೀಸಾಗಿ ಆಯ್ತು" ಅಂದರಂತೆ. ಅವಳು ವರ್ಷಗಟ್ಟಲೆ ಗಾಳಿ ತಡೆದುಕೊಳ್ಳಲು ಆಗದೆ, ಯಾರಿಗೂ ಹೇಳದೆ, ಜೋರಾಗಿ ನಗುವುದನ್ನೇ ಬಿಟ್ಟಿದ್ದಳು. ಬ್ರಿಟನ್ನಿನ ಲೆಕ್ಕದಲ್ಲಿ ಮೊದಲ ಹೆರಿಗೆಯಲ್ಲಿ ನೂರಕ್ಕೆ ಆರು ಹೆಂಗಸರಿಗೆ ಇಂಥ ಆಳದ ಸೀಳು ಆಗುತ್ತದೆ, ಮುಂದಿನ ಹೆರಿಗೆಯಲ್ಲಿ ಮತ್ತೆ ಆಗುವುದು ನೂರಕ್ಕೆ 5ರಿಂದ 7. ಮಗು 4 ಕೆಜಿ ದಾಟಿದರೆ ಅಪಾಯ ಹೆಚ್ಚು. ಇವತ್ತಿಗೂ ತೊಂದರೆ ಇದ್ದವರಿಗೆ, ಸ್ನಾಯುವಿನ ಸ್ಕ್ಯಾನ್ ಸರಿ ಇಲ್ಲದವರಿಗೆ ಸಿಸೇರಿಯನ್ ಬಗ್ಗೆ ಮಾತಾಡಬೇಕು ಅಂತಲೇ ಮಾರ್ಗಸೂಚಿ ಹೇಳುತ್ತದೆ. ಅವಳು ಸಿಸೇರಿಯನ್ ಆರಿಸಿಕೊಂಡಳು. ನನಗೆ ಸರಿ ಅನ್ನಿಸಿದ ದಾರಿ ಅವಳಿಗೆ ಸರಿ ಇರಲಿಲ್ಲ. ಅವಳ ಮಗು ನನ್ನ ಮಗುವಿಗಿಂತ ಚಿಕ್ಕದೇ.

ರಕ್ತ ಜಾಸ್ತಿ ಹೋದವರದು ಇನ್ನೊಂದು ದಾರಿ. ದೊಡ್ಡ ಮಗು ಇದ್ದಾಗ ಗರ್ಭಕೋಶ ಹಿಗ್ಗಿ, ಹೆರಿಗೆಯಾದ ಮೇಲೆ ಬೇಗ ಬಿಗಿಯಾಗದೇ ಇರಬಹುದು. ಅವರಿಗೆ ಬೇಕಾದ್ದು ಮೊದಲೇ ಸರಿಮಾಡಿಕೊಂಡ ಹಿಮೋಗ್ಲೋಬಿನ್, ಮೊದಲೇ ಕೈಗೆ ಹಾಕಿಟ್ಟ ಡ್ರಿಪ್ ಸೂಜಿ, ರಕ್ತದ ಏರ್ಪಾಡು. ಮೊದಲನೆಯದು ಸಿಸೇರಿಯನ್ ಆದವರದಂತೂ ಬೇರೆಯದೇ ಲೆಕ್ಕ, ಹಳೆಯ ಗಾಯದ ಮಾತು ಬರುತ್ತದೆ, ಅದಕ್ಕೆ ಇಲ್ಲಿ ಕೈ ಹಾಕುವುದಿಲ್ಲ.

ಮೈಗೆ ಏನೂ ಆಗದೆ ಮನಸ್ಸಿಗೆ ಮಾತ್ರ ಆದವರೂ ಇದ್ದಾರೆ. ನೂರಕ್ಕೆ ಸುಮಾರು ನಾಲ್ಕು ತಾಯಂದಿರಿಗೆ ಹೆರಿಗೆಯ ನಂತರ ಆಘಾತದ ಕಾಯಿಲೆಯ ಲಕ್ಷಣಗಳೇ ಕಾಣಿಸಿಕೊಳ್ಳುತ್ತವೆ, ಹೆರಿಗೆ ಗಂಭೀರವಾಗಿದ್ದವರಲ್ಲಿ ಇನ್ನೂ ಜಾಸ್ತಿ. ಮಾನಿಟರಿನ ಬೀಪ್ ಕೇಳಿದರೆ ಬೆವರುವುದು, ಆಸ್ಪತ್ರೆಯ ಕಾರಿಡಾರಿನ ವಾಸನೆಗೆ ಹೊಟ್ಟೆ ತೊಳಸುವುದು. ಮುಂದಿನ ಹೆರಿಗೆಯ ಪ್ಲ್ಯಾನಿನಲ್ಲಿ ಇದಕ್ಕೂ ಒಂದು ಸಾಲು ಬೇಕು. "ಅದೆಲ್ಲ ಮರ್ತುಬಿಡು" ಅನ್ನುವುದು ಪ್ಲ್ಯಾನ್ ಅಲ್ಲ.

ಕಾಯುವುದಾ, ನೋವು ಬರಿಸುವುದಾ, ಕೊಯ್ಯುವುದಾ

ಇರುವುದು ಈ ಮೂರೇ, ಮೂರಕ್ಕೂ ಬೆಲೆ ಇದೆ.

ಮೊದಲು ನನ್ನ ಅಪಾಯ ಎಷ್ಟು ಅಂತ ಕೇಳಿದೆ. ಒಟ್ಟಾರೆ ಸಾವಿರ ಹೆರಿಗೆಗಳಲ್ಲಿ ಆರೇಳರಲ್ಲಿ ಭುಜ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಆದವರಲ್ಲಿ ಮತ್ತೆ ಆಗುವುದು ಅಧ್ಯಯನದಿಂದ ಅಧ್ಯಯನಕ್ಕೆ ನೂರಕ್ಕೆ 1ರಿಂದ 25ರವರೆಗೆ ಏರಿಳಿಯುತ್ತದೆ. ನಿಜ ಸಂಖ್ಯೆ ಇನ್ನೂ ಜಾಸ್ತಿ ಇರಬಹುದು, ಯಾಕೆಂದರೆ ತುಂಬಾ ಕೆಟ್ಟದಾಗಿ ಆದವರು ಎರಡನೇ ಸಲ ಸಿಸೇರಿಯನ್ ಮಾಡಿಸಿಕೊಂಡು ಲೆಕ್ಕದಿಂದಲೇ ಹೊರಗೆ ಹೋಗಿರುತ್ತಾರೆ. ಹತ್ತರಲ್ಲಿ ಒಂದು ಅಂತ ಇಟ್ಟುಕೊಳ್ಳಿ ಅಂದರು ಡಾಕ್ಟರ್. ಹತ್ತರಲ್ಲಿ ಒಂಬತ್ತು ಸಲ ಏನೂ ಆಗುವುದಿಲ್ಲ ಅಂತಲೂ ಓದಬಹುದು, ರಾತ್ರಿ ಎರಡು ಗಂಟೆಗೆ ಎದ್ದು ಕೂತಾಗ ಮಾತ್ರ ಹಾಗೆ ಓದಲು ಆಗುವುದಿಲ್ಲ.

ಹಾಗಿದ್ದರೆ ಎಲ್ಲ ದಪ್ಪ ಮಕ್ಕಳಿಗೂ ಸಿಸೇರಿಯನ್ ಮಾಡಿಬಿಟ್ಟರೆ? 1996ರಲ್ಲಿ ಅಮೆರಿಕದಲ್ಲಿ ಇದರ ಲೆಕ್ಕ ಹಾಕಿದ್ದಾರೆ. ಶುಗರ್ ಇಲ್ಲದ ತಾಯಂದಿರಲ್ಲಿ, ಅಂದಾಜು ತೂಕ 4.5 ಕೆಜಿ ಇದ್ದರೆ ಸಿಸೇರಿಯನ್ ಅಂತ ನಿಯಮ ಮಾಡಿದರೆ, ಒಂದೇ ಒಂದು ಮಗುವಿನ ಕೈಗೆ ಶಾಶ್ವತ ತೊಂದರೆ ತಪ್ಪಿಸಲು 3,695 ಸಿಸೇರಿಯನ್ ಬೇಕು. ಶುಗರ್ ಇದ್ದವರಲ್ಲಿ 443. ಅದಕ್ಕೇ ಅಮೆರಿಕದ ಪ್ರಸೂತಿ ತಜ್ಞರ ಸಂಘ ಶುಗರ್ ಇದ್ದರೆ 4.5, ಇಲ್ಲದಿದ್ದರೆ 5 ಕೆಜಿಯಿಂದ ಮೇಲಕ್ಕೆ ಸಿಸೇರಿಯನ್ ಯೋಚಿಸಬಹುದು ಅನ್ನುತ್ತದೆ. ಆದರೆ ಈ ಲೆಕ್ಕ ಎಲ್ಲ ತಾಯಂದಿರಿಗೆ ಸೇರಿಸಿ ಮಾಡಿದ್ದು. ಒಮ್ಮೆ ಭುಜ ಸಿಕ್ಕಿ, ಮಗುವಿನ ಕೈ ಸೋತದ್ದನ್ನು ಕಂಡವರು ಆ 3,695ರ ಸಾಲಿನಲ್ಲಿ ನಿಲ್ಲುವುದಿಲ್ಲ. ಅವರಿಗೆ ಎರಡೂ ದಾರಿ ತೆರೆದಿಟ್ಟು ಜೊತೆಗೆ ಕೂತು ತೀರ್ಮಾನಿಸಬೇಕು.

ಸಿಸೇರಿಯನ್ ಆರಿಸಿದರೆ 39 ವಾರದ ಹೊತ್ತಿಗೆ ಮಾಡುತ್ತಾರೆ. ಅದಕ್ಕಿಂತ ಮೊದಲಾದರೆ ಮಗುವಿಗೆ ಉಸಿರಾಟದ ತೊಂದರೆ ಜಾಸ್ತಿ. ಗಾಯಕ್ಕೆ ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಇವೆಲ್ಲ ಗೊತ್ತಿರುವವೇ. ಹೆಚ್ಚು ಜನ ಹೇಳದೆ ಬಿಡುವುದು ಮುಂದಿನ ಬಸಿರಿನ ಮಾತು: ಮಾಸು ಹಳೆಯ ಗಾಯದ ಮೇಲೆ ಅಂಟಿಕೊಂಡು ಬೆಳೆಯುವ ಅಪಾಯ ಪ್ರತಿ ಸಿಸೇರಿಯನ್‌ಗೂ ಏರುತ್ತದೆ. ಇನ್ನೂ ಮಕ್ಕಳು ಬೇಕಾ ಅನ್ನುವ ಪ್ರಶ್ನೆಯನ್ನು ಈಗಲೇ ಕೇಳಿಕೊಳ್ಳಬೇಕು, ಅದು ಕುಟುಂಬದ ವಿಷಯ ಅಂತ ಪಕ್ಕಕ್ಕಿಡುವ ಹಾಗಿಲ್ಲ.

ಇನ್ನು ನೋವು ಬರಿಸುವುದು. ಮಗು ಇನ್ನೂ ಬೆಳೆಯುವ ಮೊದಲೇ ಹುಟ್ಟಿಸಿಬಿಡುವ ಯೋಚನೆ. 2015ರಲ್ಲಿ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಬೆಲ್ಜಿಯಂ ಸೇರಿ ಮಾಡಿದ ಅಧ್ಯಯನದಲ್ಲಿ 37-38 ವಾರಕ್ಕೆ ನೋವು ಬರಿಸಿದಾಗ ಭುಜ ಸಿಕ್ಕುವುದು ಕಡಿಮೆಯಾಯಿತು, ಸಿಸೇರಿಯನ್ ಜಾಸ್ತಿ ಆಗಲಿಲ್ಲ. ಇದು ನನಗೆ ಹೊಸದು, ನೋವು ಬರಿಸಿದರೆ ಕೊನೆಗೆ ಆಪರೇಷನ್ನೇ ಗತಿ ಅಂತ ಕೇಳಿಕೊಂಡೇ ಬೆಳೆದಿದ್ದೆ. ಆದರೆ ಅಷ್ಟು ಬೇಗ ಹುಟ್ಟಿದ ಮಕ್ಕಳಿಗೆ ಕಾಮಾಲೆ ಬಂದು ಲೈಟಿನ ಕೆಳಗೆ ಇಡುವುದು ಜಾಸ್ತಿ. 2025ರಲ್ಲಿ ಬ್ರಿಟನ್ನಿನ 'ಬಿಗ್ ಬೇಬಿ' ಅಧ್ಯಯನ ಬಂತು, 2,893 ಹೆಂಗಸರು. 38 ವಾರ ತುಂಬುತ್ತಿದ್ದಂತೆ ನೋವು ಬರಿಸಿದವರಲ್ಲಿ ಭುಜ ಸಿಕ್ಕಿದ್ದು ನೂರಕ್ಕೆ 2.3, ಮಾಮೂಲಿ ಆರೈಕೆಯವರಲ್ಲಿ 3.1. ಇಷ್ಟು ಸಣ್ಣ ಅಂತರ ಕಾಕತಾಳೀಯವೂ ಇರಬಹುದು. ಮಾಮೂಲಿ ಗುಂಪಿನ ಹಲವರಿಗೂ ಬೇಗ ಹೆರಿಗೆಯಾಗಿಬಿಟ್ಟಿದ್ದರಿಂದ ಹೋಲಿಕೆ ಮಸುಕಾಯಿತು. ಗೊತ್ತುಮಾಡಿದ ಸಮಯಕ್ಕೆ ಸರಿಯಾಗಿ ಹೆರಿಗೆಯಾದವರನ್ನಷ್ಟೇ ನೋಡಿದಾಗ 2.3 ಮತ್ತು 3.7, ಅಲ್ಲಿ ಅಂತರ ನಿಜ ಅನ್ನಿಸುತ್ತದೆ. ಈ ಎರಡೂ ಅಧ್ಯಯನದಿಂದ ನಾನು ಹೊರತೆಗೆದದ್ದು ಇಷ್ಟೇ: ನೋವು ಬರಿಸುವುದರಿಂದ ಸ್ವಲ್ಪ ಲಾಭ ಇದೆ, ಪವಾಡ ಇಲ್ಲ.

ಹೇಳಿದರೆ ಹೆದರುತ್ತಾರೆ ಅನ್ನುವವರು

ನೆಡೀನ್ ಮಾಂಟ್‌ಗೊಮರಿ ಅನ್ನುವ ಸ್ಕಾಟ್ಲೆಂಡಿನ ತಾಯಿಯ ಪ್ರಕರಣ ವೈದ್ಯರಿಗೆಲ್ಲ ಪರಿಚಿತ. ಆಕೆಗೆ ಮಧುಮೇಹ ಇತ್ತು, ಎತ್ತರ ಕಡಿಮೆ, ಮಗು ದೊಡ್ಡದು. ಇಂಥ ತಾಯಂದಿರಲ್ಲಿ ಭುಜ ಸಿಕ್ಕುವ ಅಪಾಯ ನೂರಕ್ಕೆ 9-10. ಹೆರಿಗೆ ಆಗುತ್ತದಾ ಅಂತ ಆಕೆ ಆತಂಕ ಹೇಳಿಕೊಂಡಿದ್ದರು. ಆದರೂ ಈ ಅಪಾಯವನ್ನು ಅವರಿಗೆ ಹೇಳಿರಲಿಲ್ಲ. ಹೇಳಿದರೆ ಎಲ್ಲರೂ ಸಿಸೇರಿಯನ್ ಕೇಳುತ್ತಾರೆ, ಅದು ಅವರಿಗೆ ಒಳ್ಳೆಯದಲ್ಲ ಅನ್ನುವುದು ವೈದ್ಯರ ವಾದ. 1999ರಲ್ಲಿ ಮಗು ಹುಟ್ಟುವಾಗ ಭುಜ ಸಿಕ್ಕಿ, ತಲೆ ಬಂದು ಮೈ ಬರಲು 12 ನಿಮಿಷ ಆಯಿತು. ಮಗುವಿನ ಮಿದುಳಿಗೆ ಪೆಟ್ಟಾಯಿತು. 2015ರ ಮಾರ್ಚಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಆಕೆಯ ಪರ ತೀರ್ಪು ಕೊಟ್ಟಿತು. ಆ ಜಾಗದಲ್ಲಿರುವ ಒಬ್ಬ ಸಾಮಾನ್ಯ ವ್ಯಕ್ತಿಗೆ ಯಾವ ಅಪಾಯ ಮುಖ್ಯ ಅನ್ನಿಸುತ್ತದೋ ಅದನ್ನು ಹೇಳಲೇಬೇಕು, ಯಾವುದು ಮುಖ್ಯ ಅಂತ ಡಾಕ್ಟರ್ ಒಬ್ಬರೇ ತೀರ್ಮಾನಿಸುವಂತಿಲ್ಲ ಅಂತ.

ಹೇಳಿದರೆ ಹೆದರುತ್ತಾರೆ ಅನ್ನುವುದು ಪೂರ್ತಿ ಸುಳ್ಳಲ್ಲ. ನಾನೂ ಹೆದರಿದೆ. ಆದರೆ ಹೇಳದೆ ಇದ್ದಾಗ ಇದ್ದ ಹೆದರಿಕೆಗೆ ತಲೆಬುಡ ಇರಲಿಲ್ಲ. ಕೇಸ್ ಶೀಟ್ ಓದಿದ ಮೇಲೆ ಹೆದರಿಕೆ ಹೋಗಲಿಲ್ಲ, ಯಾವುದಕ್ಕೆ ಹೆದರಬೇಕು ಅನ್ನುವುದು ಗೊತ್ತಾಯಿತು. ಪ್ರಶ್ನೆ ಕೇಳುವುದು ಸುಲಭವಾಯಿತು.

ಕೊನೆಗೆ ಬರೆದದ್ದು

ನಾವು ಆರಿಸಿದ್ದು 39 ವಾರಕ್ಕೆ ನೋವು ಬರಿಸುವುದು. ಅದು ಒಂದೇ ಸಾಲು. ಉಳಿದ ಸಾಲುಗಳಿಗೇ ನಾವು ಹೆಚ್ಚು ಹೊತ್ತು ಕೊಟ್ಟೆವು. ಕಡೆಯ ಸ್ಕ್ಯಾನಿನಲ್ಲಿ ಅಂದಾಜು 4.5 ದಾಟಿದರೆ ಮತ್ತೆ ಕೂತು ಮಾತಾಡುವುದು. ಗರ್ಭದ ಬಾಯಿ ಪೂರ್ತಿ ತೆರೆದ ಮೇಲೂ ಮಗು ಇಳಿಯದಿದ್ದರೆ, ಮೇಲೆ ಇರುವ ತಲೆಯನ್ನು ವ್ಯಾಕ್ಯೂಮ್ ಹಾಕಿ ಎಳೆಯುವ ಬದಲು ಸಿಸೇರಿಯನ್. ಮಗು ಯಾವ ಕಡೆ ಮುಖ ಮಾಡಿದೆ ಅಂತ ಬೇಗನೇ ನೋಡುವುದು. ನನ್ನನ್ನು ಅಂಗಾತ ಮಲಗಿಸಿ ಬಿಡದೆ ಮಗ್ಗುಲಾಗಲು, ಎದ್ದು ನಿಲ್ಲಲು ಬಿಡುವುದು. ತಲೆ ಬರುವಾಗ ಕೆಳಗೆ ಬಿಸಿನೀರಿನ ಬಟ್ಟೆ ಒತ್ತಿ ಹಿಡಿಯುವುದು (ಆಳದ ಸೀಳು ಇದರಿಂದ ಕಡಿಮೆಯಾಗುತ್ತದೆ, ಖರ್ಚೂ ಇಲ್ಲ, ಆದರೂ ಕೇಳಿದರೇ ಮಾಡುವುದು). ಹೊಟ್ಟೆಯ ಮೇಲ್ತುದಿ ಯಾರೂ ಒತ್ತಬಾರದು. ಹಿರಿಯ ಡಾಕ್ಟರ್ ಮತ್ತು ಮಕ್ಕಳ ಡಾಕ್ಟರ್ ಹತ್ತಿರದಲ್ಲೇ ಇರಬೇಕು. ಇಷ್ಟೆಲ್ಲ ಮಾಡಿಯೂ ಭುಜ ಸಿಕ್ಕರೆ, ಕೋಣೆಯಲ್ಲಿ ಒಬ್ಬರ ಕೆಲಸ ನನ್ನ ತಲೆಯ ಹತ್ತಿರ ನಿಂತು ಏನಾಗುತ್ತಿದೆ ಅಂತ ನನಗೆ ಹೇಳುವುದು.

ಅಡ್ಮಿಟ್ ಆಗುವ ಆಸ್ಪತ್ರೆಯಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ, ನಿಮ್ಮ ಲೇಬರ್ ರೂಮಿನವರು ಭುಜ ಸಿಕ್ಕಿಕೊಂಡಾಗ ಏನು ಮಾಡಬೇಕು ಅಂತ ಬೊಂಬೆ ಇಟ್ಟುಕೊಂಡು ಅಭ್ಯಾಸ ಮಾಡುತ್ತಾರಾ ಅಂತ. ಎದುರಿಗಿದ್ದವರು ನನ್ನನ್ನು ವಿಚಿತ್ರವಾಗಿ ನೋಡಿದರು. ಆದರೆ ಇದು ಸುಮ್ನೆ ಕೇಳಿದ್ದಲ್ಲ. ಬ್ರಿಸ್ಟಲ್‌ನ ಸೌತ್‌ಮೀಡ್ ಆಸ್ಪತ್ರೆಯಲ್ಲಿ ಎಲ್ಲ ಸಿಬ್ಬಂದಿಗೂ ಇಂಥ ತರಬೇತಿ ಕಡ್ಡಾಯ ಮಾಡಿದ ಮೇಲೆ, ಭುಜ ಸಿಕ್ಕಿದ ಹೆರಿಗೆಗಳಲ್ಲಿ ಮಗುವಿಗೆ ಪೆಟ್ಟಾಗುವುದು ಶೇಕಡಾ 9.3ರಿಂದ 2.3ಕ್ಕೆ ಇಳಿಯಿತು. 2008ರಲ್ಲಿ ಪ್ರಕಟವಾದ ಲೆಕ್ಕ ಅದು. ಯಾರಿಗೆ ಆಗುತ್ತದೆ ಅಂತ ಮೊದಲೇ ಹೇಳಲು ಅವರಿಗೂ ಆಗಲಿಲ್ಲ. ಆದಾಗ ಕೈ ನಡುಗಲಿಲ್ಲ, ಅಷ್ಟೇ. ತೂಕದ ಬಗ್ಗೆ ನಾವು ಆಡುವ ಮಾತಿನಲ್ಲಿ ಕಾಲು ಭಾಗವನ್ನಾದರೂ ಈ ಪ್ರಶ್ನೆಗೆ ಕೊಟ್ಟರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಗಂಡನೂ ಒಂದು ಸಾಲು ಸೇರಿಸಿದ: ಏನಾದರೂ ಆದರೆ ನಾನು ಎಲ್ಲಿ ನಿಲ್ಲಬೇಕು ಅಂತ ಮೊದಲೇ ಹೇಳಿ. ಹಿಂದಿನ ಸಲ ಅವನನ್ನು ಯಾರೋ ಗೋಡೆಗೆ ತಳ್ಳಿ ಮುಂದೆ ಹೋಗಿದ್ದರು.

ಮಗಳು 3.9 ಕೆಜಿ ಇದ್ದಳು. ಭುಜ ತಲೆಯ ಹಿಂದೆಯೇ ಬಂತು. ಬರೆದಿಟ್ಟದ್ದರಲ್ಲಿ ಅರ್ಧ ಬಳಕೆಗೆ ಬರಲೇ ಇಲ್ಲ, ಬಿಸಿನೀರಿನ ಬಟ್ಟೆಯನ್ನು ಮಾತ್ರ ಎರಡು ಸಲ ನೆನಪಿಸಬೇಕಾಯಿತು. ಮನೆಗೆ ಹೊರಡುವ ಮೊದಲು ಲೇಬರ್ ರೂಮಿನ ಪೂರ್ತಿ ರೆಕಾರ್ಡಿನ ನಕಲು ಬೇಕು ಅಂದೆವು. ಎಲ್ಲ ಸರಿಯಾಗೇ ಆಯಿತಲ್ಲ, ಇನ್ಯಾಕೆ ಅಂತ ಗೊಣಗಿದರು. ಕೊಟ್ಟರು.